ಜಂಬಿಟ್ಟಿಗೆ ಗೋಡೆಯ ಮನೆಗೆ ಮೆಶ್ ವೈಫೈ: ಎಷ್ಟು ಪೆಟ್ಟಿಗೆ, ಎಷ್ಟು ಖರ್ಚು?

ಪ್ರಶ್ನೆ: ಹೊಸನಗರ ತಾಲ್ಲೂಕಿನ ಹಳ್ಳಿಯಲ್ಲಿ ನಮ್ಮದು ಹಳೇ ಮನೆ. ಜಂಬಿಟ್ಟಿಗೆ ಗೋಡೆ ಒಂದೂವರೆ ಅಡಿ ದಪ್ಪ ಇದೆ, ಮೇಲೆ ಮರದ ಅಟ್ಟ, ಹೆಂಚಿನ ಮಾಡು. 100 ಎಂಬಿಪಿಎಸ್ ಫೈಬರ್ ಸಂಪರ್ಕದ ಪೆಟ್ಟಿಗೆ ಜಗಲಿಯಲ್ಲಿದೆ. ಅಲ್ಲಿ ಚೆನ್ನಾಗಿ ಬರುತ್ತೆ, ನಡುಮನೆ ದಾಟಿದರೆ ಇಲ್ಲ. ಸೊಸೆ ಮನೆಯಿಂದಲೇ ಆಫೀಸಿನ ಕೆಲಸ ಮಾಡ್ತಾಳೆ, ಅವಳ ಕೋಣೆ ಹಿಂದೆ ಅಡುಗೆಮನೆ ಪಕ್ಕ. ಒಂದು ರಿಪೀಟರ್ ತಂದು ಅವಳ ಕೋಣೆಯಲ್ಲೇ ಹಾಕಿದೆವು. ಕಡ್ಡಿ ಪೂರ್ತಿ ತೋರಿಸುತ್ತೆ, ಮೀಟಿಂಗ್ ಮಾತ್ರ ತುಂಡಾಗುತ್ತೆ. ಅಂಗಡಿಯವರು ಮೂರು ಪೆಟ್ಟಿಗೆಯ ಮೆಶ್ ಸೆಟ್ ತಗೊಳ್ಳಿ ಅಂತಾರೆ, ಪರಿಚಯದವರೊಬ್ಬರು ಆರು ಆಂಟೆನಾದ ರೂಟರ್ ಸಾಕು ಅಂತಾರೆ. ಹೋದ ಬೇಸಿಗೆಯಲ್ಲಿ ಸಿಡಿಲಿಗೆ ಒಂದು ರೂಟರ್ ಸುಟ್ಟಿದೆ. 60 ಮೀಟರ್ ದೂರದ ಅಡಿಕೆ ಚಪ್ಪರಕ್ಕೆ ಒಂದು ಕ್ಯಾಮೆರಾ ಹಾಕುವ ಆಸೆಯೂ ಇದೆ. ಐದಾರು ಸಾವಿರದಲ್ಲಿ ಆಗುತ್ತಾ?

ಉತ್ತರ: ಮನೆಯೊಳಗಿನದ್ದು ಆಗುತ್ತದೆ. ಚಪ್ಪರದ ಕ್ಯಾಮೆರಾಗೆ ಬೇರೆ ಲೆಕ್ಕ, ಅದನ್ನು ಕೊನೆಗೆ ಹೇಳುತ್ತೇನೆ. ನಿಮ್ಮ ಮನೆಗೆ ಎರಡು ಪೆಟ್ಟಿಗೆ, ಅವುಗಳ ನಡುವೆ ಒಂದು ಒಳ್ಳೆಯ ವೈರು ಸಾಕು. ಮೆಶ್ ಎಂದರೆ ಹಲವು ಪೆಟ್ಟಿಗೆಗಳು ಸೇರಿ ಮನೆಯಿಡೀ ಒಂದೇ ವೈಫೈ ಹಂಚುವ ಏರ್ಪಾಡು. ಮೂರು ಪೆಟ್ಟಿಗೆಯ ಸೆಟ್ಟನ್ನು ವೈರಿಲ್ಲದೆ ಇಟ್ಟರೂ ಈಗಿನ ತೊಂದರೆ ಬೇರೆ ರೂಪದಲ್ಲಿ ಉಳಿಯುತ್ತದೆ. ಕಾರಣ ಗೋಡೆ.

ದುಡ್ಡು ಬಿಚ್ಚುವ ಮೊದಲು ಅರ್ಧ ಗಂಟೆಯ ಪರೀಕ್ಷೆಯೊಂದಿದೆ, ಅದನ್ನು ಬಿಡಬೇಡಿ. ತೊಂದರೆ ವೈಫೈಯದ್ದೋ, ಹೊರಗಿನ ಫೈಬರ್ ಲೈನಿನದ್ದೋ ಎಂದು ತಿಳಿಯಬೇಕು. ಲೈನೇ ಕೆಟ್ಟಿದ್ದರೆ ಯಾವ ಮೆಶ್ ತಂದರೂ ಮೀಟಿಂಗ್ ತುಂಡಾಗುವುದು ನಿಲ್ಲದು. ಸೊಸೆಯವರ ಲ್ಯಾಪ್‌ಟಾಪನ್ನು ಜಗಲಿಗೆ ತಂದು, ವೈಫೈ ಆಫ್ ಮಾಡಿ, ಲ್ಯಾನ್ ವೈರಿನಿಂದ ನೇರ ಫೈಬರ್ ಪೆಟ್ಟಿಗೆಗೆ ಸಿಕ್ಕಿಸಿ. ಲ್ಯಾನ್ ಕಿಂಡಿ ಇಲ್ಲದ ಲ್ಯಾಪ್‌ಟಾಪಾದರೆ ಯುಎಸ್‌ಬಿ ಅಡಾಪ್ಟರ್ ಬೇಕು. ಎರಡು ಕಮಾಂಡ್ ಕಿಟಕಿ ತೆರೆದು ಒಂದರಲ್ಲಿ ಪೆಟ್ಟಿಗೆಯ ವಿಳಾಸಕ್ಕೆ, ಇನ್ನೊಂದರಲ್ಲಿ 8.8.8.8ಕ್ಕೆ (ಹೊರಗಿನ ಇಂಟರ್ನೆಟ್ಟಿನಲ್ಲಿರುವ ಗೂಗಲ್ ಸರ್ವರಿನ ವಿಳಾಸ) ಪಿಂಗ್ ಕೊಡಿ, ಎಂದರೆ ಆ ಕಡೆಯಿಂದ ಉತ್ತರ ಬರುತ್ತದೆಯೇ ಎಂದು ನೋಡುವ ಕಮಾಂಡ್. ವಿಂಡೋಸಿನಲ್ಲಿ ಕೊನೆಗೆ ಮೈನಸ್ ಚಿಹ್ನೆ ಮತ್ತು ಇಂಗ್ಲಿಷಿನ ಟಿ ಅಕ್ಷರ ಸೇರಿಸಿದರೆ ಅದು ನಿಲ್ಲದೆ ಓಡುತ್ತದೆ. ಪೆಟ್ಟಿಗೆಯ ವಿಳಾಸ ಸಾಮಾನ್ಯವಾಗಿ 192.168.1.1, ಕೆಲವದರಲ್ಲಿ 192.168.100.1. ಅದರ ತಳದ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಮೊದಲ ಕಿಟಕಿ ಸರಾಗವಾಗಿ ಓಡುತ್ತ ಎರಡನೆಯದರಲ್ಲಿ ಮಾತ್ರ ಆಗಾಗ ‘ಟೈಮ್ಡ್ ಔಟ್’ ಬಂದರೆ ದೋಷ ಹೊರಗಿನದು, ಸೇವೆ ಕೊಡುವವರಿಗೆ ದೂರು ಕೊಡಿ. ಮಳೆ ಬಂದಾಗ ಪೆಟ್ಟಿಗೆಯಲ್ಲಿ ‘ಲಾಸ್’ ಎಂಬ ಕೆಂಪು ದೀಪ ಮಿಣುಕುತ್ತಿದ್ದರಂತೂ ಎಲ್ಲೋ ಜಾಯಿಂಟಿಗೆ ನೀರು ಹೋಗಿದೆ, ಇಲ್ಲವೇ ಸೋಗೆ ಬಿದ್ದು ಫೈಬರ್ ಜಗ್ಗಿದೆ. ಲೈನ್‌ಮ್ಯಾನ್ ಬಂದಾಗ ಪವರ್ ಮೀಟರಿನಲ್ಲಿ ಫೈಬರಿನ ಬೆಳಕು ಎಷ್ಟು ಡಿಬಿಎಂ ತೋರಿಸುತ್ತದೆ ಎಂದು ಕೇಳಿ. ಮೈನಸ್ 27ರ ಹತ್ತಿರ ಇದ್ದರೆ ಅಂಚಿನಲ್ಲಿದ್ದೀರಿ, ಮೈನಸ್ 20ರ ಆಸುಪಾಸು ನೆಮ್ಮದಿ.

ಜಗಲಿಯಲ್ಲಿ ವೈರಿನಿಂದ ಎಲ್ಲವೂ ಸರಿಯಿದ್ದರೆ ಆಗ ಗೋಡೆಯ ವಿಚಾರಕ್ಕೆ ಬರಬಹುದು.

ಮನೆಯ ವೈಫೈ ಹೆಚ್ಚಾಗಿ ಎರಡು ಪಟ್ಟಿಗಳಲ್ಲಿ ಓಡುತ್ತದೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. 5ರಲ್ಲಿ ವೇಗ ಹೆಚ್ಚು, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. 2.4 ಸ್ವಲ್ಪ ಹೆಚ್ಚು ತೂರುತ್ತದೆ, ವೇಗ ಕಡಿಮೆ. ಪೇಟೆಯ ನಾಲ್ಕಿಂಚಿನ ಇಟ್ಟಿಗೆ ಗೋಡೆಯಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಒಂದೂವರೆ ಅಡಿ ಜಂಬಿಟ್ಟಿಗೆಯಲ್ಲಿ ಎದ್ದು ಕಾಣುತ್ತದೆ. ಜಂಬಿಟ್ಟಿಗೆ ತೂತು ತೂತಾದ ಕಲ್ಲು, ತೇವ ಹೀರಿ ಹಿಡಿದುಕೊಳ್ಳುತ್ತದೆ. ನೀರು ಈ ಅಲೆಗಳನ್ನು ನುಂಗುತ್ತದೆ. ಆದ್ದರಿಂದ ಮಾರ್ಚಿನಲ್ಲಿ ಹೇಗೋ ನಡೆಯುತ್ತಿದ್ದ ಸಿಗ್ನಲ್ ಆಷಾಢದಲ್ಲಿ ಕುಸಿಯುತ್ತದೆ. ಬೇಸಿಗೆಯಲ್ಲಿ ಅಳೆದು ಸೆಟ್ ಮಾಡಿ ‘ಸಾಕು’ ಎಂದುಕೊಂಡವರು ಮಳೆಗಾಲದಲ್ಲಿ ಕಂಪನಿಯನ್ನು ಬೈಯುವುದು ಇದಕ್ಕೇ.

ಆರು ಆಂಟೆನಾದ ರೂಟರಿನ ಮಾತಿಗೆ ಬಂದರೆ, ಆಂಟೆನಾ ಹೆಚ್ಚಿದ್ದ ಮಾತ್ರಕ್ಕೆ ಗೋಡೆ ತೂರುವುದಿಲ್ಲ. ಅವು ಒಂದೇ ಕೋಣೆಯಲ್ಲಿ ಹಲವು ಸಾಧನಗಳನ್ನು ಒಟ್ಟಿಗೆ ನಿಭಾಯಿಸಲು ಹೆಚ್ಚು ಉಪಯೋಗ. ಇನ್ನೊಂದು ವಿಷಯವನ್ನು ಮಾರುವವರು ಹೇಳುವುದೇ ಇಲ್ಲ. ಸಂಪರ್ಕ ಎಂದರೆ ಎರಡೂ ಕಡೆಯ ಮಾತು. ರೂಟರ್ ಎಷ್ಟು ಜೋರಾಗಿ ಕೂಗಿದರೂ, ಮೊಬೈಲಿನ ಸಣ್ಣ ಆಂಟೆನಾದ ಉತ್ತರ ಆ ಗೋಡೆ ದಾಟಿ ವಾಪಸು ಬರಬೇಕಲ್ಲ? ಬರುವುದಿಲ್ಲ. ಕಡ್ಡಿ ತೋರಿಸುತ್ತದೆ, ಪುಟ ತೆರೆಯುವುದಿಲ್ಲ. ಈ ರೂಟರನ್ನು ತೆಗೆದುಕೊಳ್ಳಬೇಡಿ.

ನಿಮ್ಮ ರಿಪೀಟರ್ ಸೋತದ್ದೇಕೆ? ಅದನ್ನು ಸಿಗ್ನಲ್ ಇಲ್ಲದ ಕೋಣೆಯಲ್ಲೇ ಇಟ್ಟಿದ್ದೀರಿ. ಅದರ ಕೈಗೆ ಬಂದದ್ದೇ ಹರಕು ಸಿಗ್ನಲ್, ಅದನ್ನೇ ಜೋರಾಗಿ ಹಂಚುತ್ತಿದೆ. ಮೊಬೈಲಿನ ಕಡ್ಡಿ ತೋರಿಸುವುದು ರಿಪೀಟರಿಗೂ ಮೊಬೈಲಿಗೂ ನಡುವಿನ ಸಿಗ್ನಲನ್ನು, ರಿಪೀಟರಿಗೂ ಜಗಲಿಗೂ ನಡುವಿನ ಸ್ಥಿತಿಯನ್ನಲ್ಲ. ಜೊತೆಗೆ ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು ಅದರಲ್ಲೇ ಮರುಹೇಳಬೇಕಾದ್ದರಿಂದ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಅಗ್ಗದ ಮೆಶ್ ಸೆಟ್ಟುಗಳಿಗೂ ಇದೇ ನಿಯಮ. ಪೆಟ್ಟಿಗೆಗಳು ತಮ್ಮತಮ್ಮಲ್ಲಿ ಮಾತಾಡುವ ದಾರಿಗೆ ಬ್ಯಾಕ್‌ಹಾಲ್ ಎನ್ನುತ್ತಾರೆ. ಎರಡೇ ರೇಡಿಯೋ ಇರುವ ಸೆಟ್ಟುಗಳಲ್ಲಿ ನಿಮ್ಮ ಮೊಬೈಲ್ ಬಳಸುವ ರೇಡಿಯೋವೇ ಬ್ಯಾಕ್‌ಹಾಲಿಗೂ ದುಡಿಯುತ್ತದೆ. ಸಾಲಾಗಿ ಮೂರು ಇಟ್ಟರೆ ಎರಡು ಜಿಗಿತ, ಎರಡು ಸಲ ಕಡಿತ. ಮೆಶ್ ಬಂದರೆ ವೇಗ ಹೆಚ್ಚುತ್ತದೆ ಎಂಬ ಮಾತು ನಿಜವಲ್ಲ. ಒಂದೇ ಹೆಸರಿನ ವೈಫೈ ಮನೆಯಿಡೀ ಸಿಗುತ್ತದೆ, ಓಡಾಡುವಾಗ ಫೋನು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಸುಗಮವಾಗಿ ದಾಟುತ್ತದೆ. ಅದರ ಗುಣ ಇಷ್ಟೇ, ಮತ್ತು ಅದು ಸಣ್ಣ ಗುಣವೇನಲ್ಲ.

ಬ್ಯಾಕ್‌ಹಾಲನ್ನು ವೈರಿಗೆ ಹಾಕಿದ ಕ್ಷಣ ಲೆಕ್ಕವೇ ಬದಲಾಗುತ್ತದೆ. ಗೋಡೆಯ ದಪ್ಪ, ತೇವ, ಅರ್ಧವಾಗುವ ವೇಗ, ಎಲ್ಲವೂ ಆಟದಿಂದ ಹೊರಗೆ. ಹಿಂದಿನ ಕೋಣೆಯಲ್ಲೂ ಜಗಲಿಯಷ್ಟೇ ವೇಗ.

ಈಗ ಖರೀದಿ. ಹಳೆಯ ರೂಟರ್ ಒಂದು ಕೆಡದೆ ಮೂಲೆಯಲ್ಲಿದ್ದರೆ ಅದೇ ಸಾಕಾಗಬಹುದು. ಅದನ್ನು ರಿಸೆಟ್ ಮಾಡಿ, ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಅದರ ಲ್ಯಾನ್ ವಿಳಾಸವನ್ನು ಫೈಬರ್ ಪೆಟ್ಟಿಗೆಯ ಸಾಲಿನಲ್ಲೇ ಬೇರೆಯದಕ್ಕೆ ಬದಲಿಸಿ: ಪೆಟ್ಟಿಗೆ 192.168.1.1 ಆಗಿದ್ದರೆ ಇದು 192.168.1.2. ಇದರ ಡಿಎಚ್‌ಸಿಪಿ (ಫೋನು, ಲ್ಯಾಪ್‌ಟಾಪುಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ. ವೈಫೈ ಹೆಸರು, ಪಾಸ್‌ವರ್ಡ್, ಭದ್ರತೆಯ ಬಗೆ ಮೂರೂ ಜಗಲಿಯ ಪೆಟ್ಟಿಗೆಯದ್ದೇ ಇರಲಿ. ಚಾನೆಲ್ ಮಾತ್ರ ಬೇರೆ ಕೊಡಿ: ಅಲ್ಲಿ 1 ಇದ್ದರೆ ಇಲ್ಲಿ 6 ಅಥವಾ 11. ವೈರನ್ನು ಅದರ ‘ವ್ಯಾನ್’ ಕಿಂಡಿಗೆ ಹಾಕಬೇಡಿ, ‘ಲ್ಯಾನ್’ ಕಿಂಡಿಗೇ ಹಾಕಿ. ಇದರಲ್ಲಿ ಹೆಚ್ಚಿನವರು ಎಡವುವುದು ಎರಡೇ ಕಡೆ, ಡಿಎಚ್‌ಸಿಪಿ ಆಫ್ ಮಾಡಲು ಮರೆಯುವುದು ಮತ್ತು ಈ ಕಿಂಡಿ. ಇದು ಪೂರ್ಣ ಅರ್ಥದ ಮೆಶ್ ಅಲ್ಲ. ಫೋನು ಒಂದರಿಂದ ಇನ್ನೊಂದಕ್ಕೆ ಹೋಗುವಾಗ ವಾಟ್ಸಾಪ್ ಕರೆ ಒಂದೆರಡು ಸೆಕೆಂಡ್ ತಡವರಿಸಬಹುದು. ಒಂದೇ ಕಡೆ ಕೂತು ಕೆಲಸ ಮಾಡುವವರಿಗೆ ಅದು ಗೊತ್ತೇ ಆಗದು.

ಹೊಸದೇ ಬೇಕೆಂದರೆ ಎರಡು ಪೆಟ್ಟಿಗೆಯ ಸೆಟ್. ಟಿಪಿ-ಲಿಂಕ್ ಡೆಕೊ ಇ4, ಟೆಂಡಾ ಎಂಡಬ್ಲ್ಯು3 ಥರದವುಗಳ ಕಿಂಡಿಗಳು 100 ಎಂಬಿಪಿಎಸ್‌ನವು. ಡೆಕೊ ಎಂ4, ಎಂಡಬ್ಲ್ಯು6 ಗಿಗಾಬಿಟ್‌ನವು. ನಿಮ್ಮ ಪ್ಲಾನ್ 100 ಎಂಬಿಪಿಎಸ್, 100ರ ಕಿಂಡಿಯಲ್ಲಿ ನಿಜಕ್ಕೂ 94–95 ಸಿಗುತ್ತದೆ. ಮುಂದೆ ದೊಡ್ಡ ಪ್ಲಾನಿಗೆ ಹೋಗುವ ಯೋಚನೆ ಇಲ್ಲದಿದ್ದರೆ ಅಗ್ಗದ್ದೇ ಸಾಕು. ವೈಫೈ 6, ವೈಫೈ 7 ಎಂದು ಹೆಚ್ಚು ಕೊಡುವ ಅಗತ್ಯ ನಿಮ್ಮ ಮನೆಯಲ್ಲಿ ನನಗೆ ಕಾಣುವುದಿಲ್ಲ. ಆ ದುಡ್ಡನ್ನು ವೈರಿಗೆ, ಬ್ಯಾಟರಿಗೆ ಹಾಕಿ. ಡಬ್ಬದ ಮೇಲೆ ‘ಈಥರ್ನೆಟ್ ಬ್ಯಾಕ್‌ಹಾಲ್’ (ವೈರಿನ ಬ್ಯಾಕ್‌ಹಾಲ್) ಇದೆಯೇ ಎಂದು ಮಾತ್ರ ಓದಿಯೇ ಕೊಳ್ಳಿ. ಒನ್‌ಮೆಶ್ ಎಂಬ ಹೆಸರಿನ ಟಿಪಿ-ಲಿಂಕಿನ ಹಳೆಯ ರೂಟರುಗಳಲ್ಲಿ ಅದಿಲ್ಲ, ಈಸಿಮೆಶ್ ಎಂದಿದ್ದರೆ ಸಾಮಾನ್ಯವಾಗಿ ಇರುತ್ತದೆ. ಈಸಿಮೆಶ್ ಎಲ್ಲ ಕಂಪನಿಗಳಿಗೂ ಸಾಮಾನ್ಯವಾದ ಮಾನದಂಡವೇ ಆದರೂ, ಬೇರೆ ಬೇರೆ ಕಂಪನಿಯ ಪೆಟ್ಟಿಗೆಗಳನ್ನು ಬೆರೆಸಿದರೆ ಕಿರಿಕಿರಿ ಜಾಸ್ತಿ. ಎರಡೂ ಒಂದೇ ಕಂಪನಿಯದಿರಲಿ.

ಮೆಶ್ ಸೆಟ್ಟನ್ನು ಆ್ಯಪಿನಲ್ಲಿ ‘ಆ್ಯಕ್ಸೆಸ್ ಪಾಯಿಂಟ್’ ಮೋಡ್‌ಗೆ (ವೈಫೈ ಹಂಚುವುದಷ್ಟೇ ಅದರ ಕೆಲಸ) ಹಾಕಿ, ಫೈಬರ್ ಪೆಟ್ಟಿಗೆಯ ವೈಫೈ ಆಫ್ ಮಾಡಿ. ಲಾಗಿನ್, ಪಾಸ್‌ವರ್ಡ್ ಎಲ್ಲ ಫೈಬರ್ ಪೆಟ್ಟಿಗೆಯಲ್ಲಿ ಈಗಿರುವಂತೆಯೇ ಇರಲಿ, ಅದನ್ನು ಮುಟ್ಟಬೇಡಿ. ಎರಡೂ ರೂಟರ್ ಆಗಿಯೇ ಉಳಿದರೆ ವಿಳಾಸ ಬದಲಿಸುವ ಕೆಲಸ ಎರಡು ಸಲ ನಡೆದು, ಆಫೀಸಿನ ವಿಪಿಎನ್ (ಆಫೀಸಿಗೆ ಹೋಗುವ ಗುಪ್ತ ಸಂಪರ್ಕ), ಕ್ಯಾಮೆರಾ ತರಹದವು ತಕರಾರು ಮಾಡಬಹುದು. ಈ ಮೋಡಿನಲ್ಲಿ ಮಕ್ಕಳ ನಿಯಂತ್ರಣದಂಥ ಕೆಲವು ಸೌಲಭ್ಯ ಸಿಗುವುದಿಲ್ಲ, ಅದೊಂದೇ ನಷ್ಟ. ಎರಡೂ ಪೆಟ್ಟಿಗೆಯನ್ನು ಮೊದಲು ಜಗಲಿಯಲ್ಲೇ ಪಕ್ಕಪಕ್ಕ ಇಟ್ಟು ಆ್ಯಪಿನಲ್ಲಿ ಜೋಡಿಸಿ, ಫರ್ಮ್‌ವೇರ್ ಅಪ್‌ಡೇಟ್ ಮುಗಿಸಿ, ಆಮೇಲೆ ಎರಡನೆಯದನ್ನು ಹಿಂದಿನ ಕೋಣೆಗೆ ಒಯ್ಯಿರಿ.

ಇನ್ನು ವೈರು. ಇಡೀ ಕೆಲಸದ ಜೀವ ಇಲ್ಲೇ ಇರುವುದರಿಂದ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಕ್ಯಾಟ್-6 ಕೇಬಲ್ 30–35 ಮೀಟರ್ ತನ್ನಿ. ಈ ಬಗೆಯ ವೈರು 100 ಮೀಟರಿನವರೆಗೆ ಓಡುತ್ತದೆ, ಮನೆಯೊಳಗೆ ದೂರದ ಚಿಂತೆ ಇಲ್ಲ. ‘ಪೂರ್ತಿ ತಾಮ್ರ’ದ್ದೇ ಬೇಕೆಂದು ಕೇಳಿ. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಹಚ್ಚಿದ ಕೇಬಲ್ ಅರ್ಧ ಬೆಲೆಗೆ ಸಿಗುತ್ತದೆ. ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುವುದು ಅದು. ನಮ್ಮ ತೇವದಲ್ಲಿ ಅದರ ತುದಿಗಳು ಬೇಗ ಹಾಳಾಗುತ್ತವೆ, ಬಾಗಿಸಿದರೆ ಒಳಗೇ ಮುರಿಯುತ್ತದೆ.

ದಾರಿ ಅಟ್ಟದ ಮೇಲಿನಿಂದ ಇರಲಿ. ಒಂದೂವರೆ ಅಡಿ ಗೋಡೆಗೆ ತೂತು ಹೊಡೆಯಲು ಉದ್ದದ ಡ್ರಿಲ್ ಬಿಟ್ ಬೇಕು, ಹಳೇ ಗೋಡೆಯಲ್ಲಿ ಕಲ್ಲು ಉದುರುವ ಭಯವೂ ಇದೆ. ತೊಲೆ, ಜಂತಿಗಳು ಗೋಡೆಯ ಮೇಲೆ ಕೂರುವಲ್ಲಿ ಸಂದು ಇದ್ದೇ ಇರುತ್ತದೆ, ಅಲ್ಲಿಂದ ದಾಟಿಸಿ. ಅಟ್ಟದಲ್ಲಿ ಇಲಿ, ಹೆಗ್ಗಣ ಇಲ್ಲದ ಮನೆ ಮಲೆನಾಡಿನಲ್ಲಿ ಕಡಿಮೆ. 20 ಎಂಎಂ ಪಿವಿಸಿ ಪೈಪಿನೊಳಗೆ ಎಳೆಯಿರಿ, ಪೈಪಿನ ಎರಡೂ ಬಾಯಿಗೆ ತಂತಿ ಬಲೆ ತುರುಕಿ. ಕರೆಂಟ್ ವೈರಿನ ಜೊತೆ ಒಂದೇ ಪೈಪಿನಲ್ಲಿ ಹಾಕಬೇಡಿ. ಪಕ್ಕಪಕ್ಕ ಹೋಗಬೇಕಾದರೆ ಒಂದಡಿ ಅಂತರವಿರಲಿ, ಅಡ್ಡ ದಾಟಬೇಕಾದಲ್ಲಿ ನೇರ ಅಡ್ಡಕ್ಕೆ ದಾಟಲಿ. ಬಚ್ಚಲು ಒಲೆಯ ಹೊಗೆ, ಬಿಸಿ ತಾಗುವ ಕಡೆ ಬೇಡ. ಎರಡೂ ತುದಿಯಲ್ಲಿ ಒಂದೊಂದು ಮೀಟರ್ ಸುರುಳಿ ಬಿಡಿ. ತುದಿ ಕೆಟ್ಟರೆ ಕತ್ತರಿಸಿ ಮತ್ತೆ ಹಾಕಲು ಬೇಕಾಗುತ್ತದೆ.

ಆರ್‌ಜೆ-45 ಕನೆಕ್ಟರಿಗೆ ಬಣ್ಣದ ಕ್ರಮ ಎರಡೂ ತುದಿಯಲ್ಲಿ ಒಂದೇ ಇರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಚಿನ್ನದ ಬಣ್ಣದ ಕಡ್ಡಿಗಳು ನಿಮ್ಮ ಕಡೆಗೂ ಕ್ಲಿಪ್ ಹಿಂದಕ್ಕೂ ಕೇಬಲ್ ಕೆಳಕ್ಕೂ ಇರುವಂತೆ ಹಿಡಿದರೆ ಎಡದಿಂದ ಬಲಕ್ಕೆ ಈ ಸಾಲು. ಜೋಡಿ ತಂತಿಗಳ ಹುರಿಯನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬೇಡಿ. ಹೊರಗಿನ ಸಿಪ್ಪೆ ಕನೆಕ್ಟರಿನೊಳಗೆ ಹೋಗಿ ಕಚ್ಚಿಕೊಂಡಿರಲಿ, ಇಲ್ಲದಿದ್ದರೆ ಎಳೆದಾಗ ತಂತಿ ಕಳಚುತ್ತದೆ. ಕ್ರಿಂಪಿಂಗ್ ಇಕ್ಕಳ, ಟೆಸ್ಟರ್ ಕೊಳ್ಳುವ ಬದಲು ಕೇಬಲ್ ಟಿವಿಯವರನ್ನೋ ಸಿಸಿಟಿವಿ ಹಾಕುವವರನ್ನೋ ಕರೆದು ಎರಡು ತುದಿ ಹಾಕಿಸಿದರೂ ಆದೀತು, ಟೆಸ್ಟರಿನಲ್ಲಿ ಎಂಟೂ ದೀಪ ಸಾಲಾಗಿ ಹೊತ್ತುವುದನ್ನು ಕಣ್ಣಾರೆ ನೋಡಿ ಕಳಿಸಿ. ಗಿಗಾಬಿಟ್ ಸಾಧನಗಳಲ್ಲಿ ವೇಗ 100ಕ್ಕೇ ನಿಂತಿದ್ದರೆ ಎಂಟರಲ್ಲಿ ಯಾವುದೋ ತಂತಿ ಕೂತಿಲ್ಲವೆಂದೇ ಬಹುತೇಕ ಅರ್ಥ: 100ಕ್ಕೆ ನಾಲ್ಕು ತಂತಿ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು.

ವೈರು ಎಳೆಯಲು ಸಾಧ್ಯವೇ ಇಲ್ಲ ಎಂದಾದರೆ? ಆಗ ಎರಡನೇ ಪೆಟ್ಟಿಗೆಯನ್ನು ಸೊಸೆಯವರ ಕೋಣೆಯಲ್ಲಿ ಇಡಬೇಡಿ. ನಡುಮನೆಯಲ್ಲಿ, ಜಗಲಿಯ ಬಾಗಿಲಿನಿಂದ ನೇರ ಕಾಣುವಲ್ಲಿ ಇಡಿ. ಹಳೇ ಮನೆಗಳಲ್ಲಿ ಬಾಗಿಲುಗಳು ಸಾಮಾನ್ಯವಾಗಿ ಒಂದೇ ಸಾಲಿಗೆ ಬರುತ್ತವೆ, ಅಲೆಗೆ ಅದೇ ಹೆದ್ದಾರಿ. ಮರದ ಬಾಗಿಲು, ಮರದ ಅಟ್ಟ ಜಂಬಿಟ್ಟಿಗೆಯಷ್ಟು ತಡೆಯುವುದಿಲ್ಲ. ಕಬ್ಬಿಣದ ಬೀರು, ಫ್ರಿಜ್, ದೊಡ್ಡ ಕನ್ನಡಿ, ನೀರಿನ ಹಂಡೆ ಈ ದಾರಿಗೆ ಅಡ್ಡ ಬರಬಾರದು. ಮೊಬೈಲಿಗೆ ಉಚಿತ ವೈಫೈ ಅನಲೈಸರ್ ಆ್ಯಪ್ ಹಾಕಿಕೊಂಡು, ಪೆಟ್ಟಿಗೆ ಇಡಬೇಕೆಂದಿರುವ ಜಾಗದಲ್ಲಿ ಜಗಲಿಯ ಸಿಗ್ನಲ್ ಅಳೆಯಿರಿ. ಮೈನಸ್ 60ರಿಂದ 65 ಡಿಬಿಎಂ (ಸಿಗ್ನಲಿನ ಬಲದ ಅಳತೆ) ಇದ್ದರೆ ಒಳ್ಳೆಯ ಜಾಗ. ಮೈನಸ್ 75ಕ್ಕಿಂತ ಕೆಳಗಿಳಿದರೆ ಅಲ್ಲಿ ಬೇಡ. ಬಾಗಿಲು ಮುಚ್ಚಿ ಒಮ್ಮೆ, ಮಳೆ ಬಂದ ಮರುದಿನ ಒಮ್ಮೆ ಅಳೆಯುವುದು ಇನ್ನೂ ಒಳ್ಳೆಯದು.

ಸೆಟ್ಟಿಂಗಿನಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ನೂರು ವೈಫೈ ಒಂದರ ಮೇಲೊಂದು ಬೀಳುತ್ತವೆ, ಅವರಿಗೆ ಚಾನೆಲ್ ಹುಡುಕುವುದೇ ದೊಡ್ಡ ಕೆಲಸ. ತೋಟದ ನಡುವಿನ ಒಂಟಿ ಮನೆಗೆ ಆ ಕಾಟವಿಲ್ಲ. ಹಳೆಯ ಕ್ಯಾಮೆರಾ, ಸ್ಮಾರ್ಟ್ ಪ್ಲಗ್ ಸೇರಿಕೊಳ್ಳಲು ಒಲ್ಲೆ ಎಂದರೆ ‘ಫಾಸ್ಟ್ ರೋಮಿಂಗ್’ ಆಫ್ ಮಾಡಿ, ಭದ್ರತೆಯನ್ನು ಡಬ್ಲ್ಯುಪಿಎ2ಕ್ಕೆ ಇಳಿಸಿ ನೋಡಿ.

ಸಿಡಿಲಿನ ವಿಚಾರದಲ್ಲಿ ತಪ್ಪು ನಂಬಿಕೆಗಳು ಬಹಳ. ಎಂಸಿಬಿ ಸಿಡಿಲನ್ನು ತಡೆಯುವುದಿಲ್ಲ, ಸ್ಟೆಬಿಲೈಸರ್ ತಡೆಯುವುದಿಲ್ಲ, ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಸ್ಪೈಕ್ ಗಾರ್ಡ್ ಹೆಚ್ಚೇನೂ ಮಾಡುವುದಿಲ್ಲ. ರೂಟರ್ ಸುಡುವುದು ಸಾಮಾನ್ಯವಾಗಿ ನೇರ ಸಿಡಿಲು ಬಡಿದು ಅಲ್ಲ. ಎಲ್ಲೋ ಹತ್ತಿರ ಬಿದ್ದ ಸಿಡಿಲಿನ ಹೊಡೆತ ಕರೆಂಟ್ ಲೈನಿನಲ್ಲಿ ಅಥವಾ ಹೊರಗೆ ಹಾಯ್ದ ತಾಮ್ರದ ವೈರಿನಲ್ಲಿ ಒಳಗೆ ಬರುತ್ತದೆ. ಏಪ್ರಿಲ್-ಮೇ ತಿಂಗಳ ಸಂಜೆ ಮಳೆಗೆ, ಅಕ್ಟೋಬರಿನ ಹಿಂಗಾರಿಗೆ ಗುಡುಗು ಕೇಳಿಸಿದ ಕೂಡಲೇ ಅಡಾಪ್ಟರನ್ನು ಸಾಕೆಟಿನಿಂದ ಕೀಳಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಶಾಶ್ವತ ಉಪಾಯ ಬೇಕೆಂದರೆ ಅರ್ಥಿಂಗ್ ಗುಂಡಿಯನ್ನು ಪರೀಕ್ಷಿಸಿ ಸರಿಮಾಡಿಸಿ, ಮೇನ್ ಬೋರ್ಡಿನಲ್ಲಿ ಸರ್ಜ್ (ವೋಲ್ಟೇಜಿನ ದಿಢೀರ್ ಏರಿಕೆ) ತಡೆಯುವ ಎಸ್‌ಪಿಡಿ ಎಂಬ ಸಾಧನ ಹಾಕಿಸಿ. ಇದು ನಿಮ್ಮ ಐದಾರು ಸಾವಿರದ ಲೆಕ್ಕದಲ್ಲಿಲ್ಲ, ಆದರೆ ಟಿವಿ, ಫ್ರಿಜ್, ಪಂಪ್‌ಸೆಟ್ಟಿನ ಸ್ಟಾರ್ಟರ್ ಎಲ್ಲಕ್ಕೂ ರಕ್ಷಣೆ.

ಕರೆಂಟ್ ಹೋದಾಗ ಎರಡೂ ಪೆಟ್ಟಿಗೆ ಬದುಕಿರಬೇಕು. ಜಗಲಿಯದ್ದಕ್ಕೆ ಮಾತ್ರ ಬ್ಯಾಟರಿ ಇಟ್ಟು ಹಿಂದಿನದನ್ನು ಮರೆಯುವವರೇ ಹೆಚ್ಚು. ಮನೆಗೆ ಇನ್ವರ್ಟರ್ ಇದ್ದರೆ ಎರಡೂ ಸಾಕೆಟ್ ಆ ಲೈನಿನಲ್ಲಿರಲಿ, ಇನ್ವರ್ಟರಿನ ಹಿಂದಿನ ಸ್ವಿಚ್ಚನ್ನು ‘ಯುಪಿಎಸ್’ ಕಡೆಗೆ ಹಾಕಿ. ‘ಇಕೋ’ದಲ್ಲಿದ್ದರೆ ಬದಲಾಗುವ ಅರೆಗಳಿಗೆಯಲ್ಲಿ ಪೆಟ್ಟಿಗೆ ರೀಸ್ಟಾರ್ಟ್ ಆಗಿ, ಫೈಬರ್ ಮತ್ತೆ ಹಿಡಿಯಲು ಎರಡು ಮೂರು ನಿಮಿಷ ತೆಗೆದುಕೊಳ್ಳುತ್ತದೆ. ಇನ್ವರ್ಟರ್ ಇಲ್ಲದಿದ್ದರೆ 12 ವೋಲ್ಟಿನ ಮಿನಿ ಯುಪಿಎಸ್. ಮೂರು ಲಿಥಿಯಂ ಸೆಲ್ಲಿನದ್ದರಲ್ಲಿ ಸುಮಾರು 24 ವಾಟ್-ಅವರ್ ಇರುತ್ತದೆ, ಜಗಲಿಯ ಫೈಬರ್ ಪೆಟ್ಟಿಗೆ, ಅಲ್ಲಿನ ಮೆಶ್ ಪೆಟ್ಟಿಗೆ ಎರಡೂ ಸೇರಿ 12–15 ವಾಟ್ ಎಳೆದರೆ ಒಂದೂವರೆ ಗಂಟೆಯಷ್ಟು. ಅಡಾಪ್ಟರಿನ ಮೇಲಿನ ವೋಲ್ಟೇಜ್, ಆಂಪಿಯರ್ ನೋಡಿಯೇ ಕೊಳ್ಳಿ: 9 ವೋಲ್ಟಿನ ಪೆಟ್ಟಿಗೆಗೆ 12 ಕೊಟ್ಟರೆ ಸುಡುತ್ತದೆ.

ಒಟ್ಟು ಲೆಕ್ಕ ಅಂದಾಜಿಗೆ ಹೀಗೆ: ಎರಡು ಪೆಟ್ಟಿಗೆಯ ಸಾಧಾರಣ ಸೆಟ್ಟಿಗೆ ನಾಲ್ಕು ಸಾವಿರದ ಆಸುಪಾಸು, ಕೇಬಲ್, ಪೈಪು, ಕ್ಲಿಪ್, ಕನೆಕ್ಟರಿಗೆ ಸಾವಿರದಿಂದ ಸಾವಿರದ ಇನ್ನೂರು. ಹಳೇ ರೂಟರ್ ಬಳಸಿದರೆ ಎರಡನೆಯದಷ್ಟೇ. ದರ ಅಂಗಡಿಯಿಂದ ಅಂಗಡಿಗೆ ಬೇರೆ. ಮೊದಲು ಕೇಬಲ್ ಎಳೆದು ಹಳೇ ರೂಟರಿನಲ್ಲಿ ಒಂದು ತಿಂಗಳು ನೋಡಿ, ಬೇಕೆನಿಸಿದರೆ ಆಮೇಲೆ ಸೆಟ್ ತರುವುದು ನನ್ನ ಸಲಹೆ. ಕೇಬಲ್ ಹೇಗಿದ್ದರೂ ವ್ಯರ್ಥವಾಗುವುದಿಲ್ಲ.

ಉಳಿದದ್ದು ಚಪ್ಪರ. ಅಂಗಳ ದಾಟಿ 60 ಮೀಟರ್ ತಾಮ್ರದ ಕೇಬಲ್ ಎಳೆಯಲು ಬರುತ್ತದೆ, ಆದರೆ ಎಳೆಯಬೇಡಿ. ಎರಡು ಕಟ್ಟಡಗಳ ನಡುವೆ ಬಯಲಲ್ಲಿ ಹಾಯುವ ತಾಮ್ರ ಸಿಡಿಲಿನ ಹೊಡೆತವನ್ನು ನೇರ ಮನೆಯೊಳಗೆ ತರುತ್ತದೆ, ನಿಮಗೆ ಈಗಾಗಲೇ ಒಂದು ರೂಟರ್ ಹೋಗಿದೆ. ಅಲ್ಲಿಗೆ ಫೈಬರೇ ಸರಿ, ಗಾಜಿನಲ್ಲಿ ಕರೆಂಟ್ ಹರಿಯದು. ಎರಡೂ ತುದಿಗೆ ಕನೆಕ್ಟರ್ ಹಾಕಿಯೇ ಬರುವ 80 ಅಥವಾ 100 ಮೀಟರಿನ ಡ್ರಾಪ್ ಕೇಬಲ್ ತಂದರೆ ಬೆಸೆಯುವ ಕೆಲಸವಿಲ್ಲ. ಜೊತೆಗೆ ಒಂದೇ ಎಳೆಯಲ್ಲಿ ಓಡುವ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ವೈರಿಗೆ ಜೋಡಿಸುವ ಪೆಟ್ಟಿಗೆ) ಒಂದು ಜೊತೆ ಬೇಕು. ಅವುಗಳಲ್ಲಿ ಒಂದು ‘ಎ’, ಇನ್ನೊಂದು ‘ಬಿ’ ಆಗಿರಬೇಕು, ಎರಡೂ ‘ಎ’ ತಂದರೆ ಮಾತಾಡುವುದಿಲ್ಲ. ಕನ್ವರ್ಟರಿನ ಕಿಂಡಿ ಸಾಮಾನ್ಯವಾಗಿ ನೀಲಿ ಬಣ್ಣದ್ದು, ನಿಮ್ಮ ಫೈಬರ್ ಪೆಟ್ಟಿಗೆಯದ್ದು ಹಸಿರು. ನೀಲಿಗೆ ನೀಲಿ ಕನೆಕ್ಟರೇ ಬೇಕು, ಹಸಿರನ್ನು ತುರುಕಬೇಡಿ.

ಡ್ರಾಪ್ ಕೇಬಲಿನ ಜೊತೆ ಅಂಟಿಕೊಂಡಿರುವ ಉಕ್ಕಿನ ತಂತಿ ಮಾತ್ರ ವಿದ್ಯುತ್ ಹರಿಸುತ್ತದೆ. ಅದನ್ನು ಗೋಡೆಯ ಹೊರಗಿನ ಕೊಕ್ಕೆಗೆ ಕಟ್ಟಿ ಅಲ್ಲೇ ಕತ್ತರಿಸಿ, ಫೈಬರ್ ಮಾತ್ರ ಒಳಗೆ ಬರಲಿ. ಒಳಗಿನ ಬಲದ ಕಡ್ಡಿಗಳೂ ಉಕ್ಕಿನದ್ದಾಗದೆ ಎಫ್‌ಆರ್‌ಪಿಯದ್ದೇ (ನಾರು ಸೇರಿಸಿದ ಗಟ್ಟಿ ಪ್ಲಾಸ್ಟಿಕ್) ಇರುವ ಕೇಬಲ್ ಕೇಳಿ ತನ್ನಿ. ತೋಟದ ಮೇಲೆ ಹಾಯಿಸಿದರೆ ಸೋಗೆ ಬಿದ್ದೋ ಮಂಗ ಜೋತಾಡಿಯೋ ಒಂದು ಮಳೆಗಾಲ ಕಳೆಯುವುದರೊಳಗೆ ಹರಿಯುತ್ತದೆ. ನೀರಾವರಿಗೆ ತಂದು ಉಳಿದ ಕಪ್ಪು ಪೈಪಿನೊಳಗೆ ಸೇರಿಸಿ, ಅಂಗಳದ ಅಂಚಿನಲ್ಲಿ ಒಂದಡಿ ಆಳಕ್ಕೆ ಹೂಳಿ, ಗುದ್ದಲಿ ತಾಗದಂತೆ ಮೇಲೆ ಹೆಂಚಿನ ಚೂರು ಹಾಸಿ. ತಿರುವಿನಲ್ಲಿ ಕೈಮುಷ್ಟಿಗಿಂತ ಸಣ್ಣ ವೃತ್ತವಾಗುವಂತೆ ಬಗ್ಗಿಸಬೇಡಿ. ಚಪ್ಪರದ ಕಡೆ ಕನ್ವರ್ಟರಿನಿಂದ ಒಂದು ಮೀಟರ್ ವೈರಿನಲ್ಲಿ ಕ್ಯಾಮೆರಾಗೆ ಕೊಟ್ಟರೆ ಮೂರನೇ ಮೆಶ್ ಪೆಟ್ಟಿಗೆ ಬೇಕೇ ಇಲ್ಲ. ಕೊಳ್ಳುವಾಗಲೇ ಲ್ಯಾನ್ ಕಿಂಡಿ ಇರುವ ಕ್ಯಾಮೆರಾ ಆರಿಸಿ. ತಗಡಿನ ಮಾಡಿನ ಕೆಳಗಿನ ಸೆಕೆಗೆ ಕನ್ವರ್ಟರ್ ಬೇಗ ಸೋಲುತ್ತದೆ, ಕಂಬದ ಮೇಲೆ ಎದೆ ಎತ್ತರಕ್ಕೆ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿಟ್ಟು ಕೆಳಗಡೆ ಎರಡು ಗಾಳಿಕಂಡಿ ಬಿಡಿ. ಇದಕ್ಕೆ ಪ್ರತ್ಯೇಕವಾಗಿ ಮೂರು ಸಾವಿರದಷ್ಟು ಎತ್ತಿಡಬೇಕಾಗುತ್ತದೆ, ಕ್ಯಾಮೆರಾ ಬಿಟ್ಟು.